ಅಮ್ಮನ ಅರ್ಧ ರಂಗೋಲಿ ಅಳಿಸ್ಬೇಡಿ

ಗುರುತು ಸಿಗಬಾರದು ಅಂತ ಹೆಸರು, ಏರಿಯಾ ಬಿಟ್ಟು, ಒಂದೆರಡು ವಿವರ ಬದಲಾಯಿಸಿ ಬರೀತಿದೀನಿ. ಬೆಂಗಳೂರಿನವರೇ, ಐವತ್ತು ದಾಟಿದ ಗೃಹಿಣಿ, ಗಂಡನ ಸ್ಕೂಟರ್ ಹಿಂದೆ ಹೆಲ್ಮೆಟ್ ಇಲ್ದೇ ಕೂತಿದ್ರು, ಹಂಪ್ ಹತ್ರ ಬಿದ್ದು ತಲೆಯ ಬಲಭಾಗಕ್ಕೆ ಪೆಟ್ಟಾಯ್ತು. ಆಪರೇಷನ್ ಆಗಿ ಮನೆಗೆ ಬಂದು ತಿಂಗಳುಗಳೇ ಆಗಿದೆ, ನಡೀತಾರೆ, ಮಾತಾಡ್ತಾರೆ. ನನ್ನ ಹತ್ರ ಕರ್ಕೊಂಡು ಬಂದ ಮಗಳದ್ದು ಒಂದೇ ಗೋಳು: "ಮೇಡಂ, ಅಮ್ಮಂಗೆ ನಮ್ಮ ಮೇಲೆ ಪ್ರೀತಿನೇ ಇಲ್ಲ, ಅಜ್ಜಿ ತೀರ್ಕೊಂಡಾಗ್ಲೂ ವಾರ್ತೆ ಓದೋ ಥರ ಮಾತಾಡಿದ್ರು, ಬೆಳಿಗ್ಗೆ ರಂಗೋಲಿ ಹಾಕ್ತಾರೆ ಅದೂ ಅರ್ಧಕ್ಕೇ ಎದ್ದು ಬರ್ತಾರೆ, ಬೀದಿಯವರು ಏನಂದ್ಕೋತಾರೋ ಅಂತ ನಾನೇ ಅಳಿಸಿ ಬೇರೆ ಹಾಕ್ತೀನಿ."

ಅಮ್ಮಂಗೆ ಹಾಳೆ, ಪೆನ್ನು ಕೊಟ್ಟೆ. ಏಳು ಚುಕ್ಕಿ ರಂಗೋಲಿ. ಬಲಗಡೆ ಒಂದು ಗೆರೆನೂ ನಡುಗಿಲ್ಲ, ಎಳೆ ಸುತ್ತಿ ಬಂದು ಕೂಡೋ ಕಡೆ ಸರಿಯಾಗಿ ಕೂಡಿದೆ, ಎಡಗಡೆ ಚುಕ್ಕಿನೇ ಇಲ್ಲ. "ಆಯ್ತಾಮ್ಮ?" ಅಂದ್ರೆ "ಆಯ್ತಲ್ಲ" ಅಂದ್ರು.

ಇದು ಸೋಮಾರಿತನ ಅಲ್ಲ, ಬಲ ಮೆದುಳಿಗೆ ಪೆಟ್ಟಾದ ಕೆಲವರಿಗೆ ಎಡಗಡೆ ಇರೋದು ಗಮನಕ್ಕೇ ಬರಲ್ಲ, ತಟ್ಟೆಯ ಎಡಗಡೆ ಪಲ್ಯ ಹಾಗೇ ಉಳಿಯುತ್ತೆ, ಎಡ ಭುಜ ಬಾಗಿಲಿಗೆ ತಗಲುತ್ತೆ, ಡಾಕ್ಟ್ರು ನೆಗ್ಲೆಕ್ಟ್ ಅಂತಾರೆ. ಇಂಥ ಪೆಟ್ಟಿಂದ ದನಿಯ ಏರಿಳಿತ, ಮುಖದ ಭಾವಾನೂ ಕಮ್ಮಿ ಆಗಬಹುದು. ಒಳಗೆ ದುಃಖ ಇದ್ರೂ ದನಿಯಲ್ಲಿ ಕಾಣಲ್ಲ, ಮನೆಯವರು ಕಲ್ಲು ಮನಸ್ಸು ಅಂದ್ಬಿಡ್ತಾರೆ, ನನಗೆ ತುಂಬಾ ಸಂಕಟ ಆಗೋದು ಇಲ್ಲೇ.

ಅಮ್ಮನ ಬ್ಯಾಗಲ್ಲಿ ಮಗಳ ಹಳೇ ಲಾಂಗ್ ನೋಟ್‌ಬುಕ್ ಇತ್ತು, ಕೇಳಿದಾಗ ತೋರಿಸಿದ್ರು. ಪುಟದ ಬಲ ಅಂಚಿಗೆ ಒಂದು ಮಂಚ, ಅದರ ಮೇಲೆ ಮುದುಕಿ, ಸೀರೆ ಅಂಚಿನ ಹತ್ರ ಪೆನ್ನು ಒತ್ತಿ ಒತ್ತಿ ಹಾಳೆನೇ ಹರಿದಿದೆ. ಅಮ್ಮ ಬರೆದ ಅಜ್ಜಿ ಅದು. ಗೀಚಾಟ ಅಂದ್ಕೊಂಡಿದ್ದ ಮಗಳು ಅದನ್ನ ನೋಡಿ ಅತ್ತಳು.

ನಾನು ಹೇಳಿದ್ದು ಇಷ್ಟು. ಅಭ್ಯಾಸ ಬೇರೆ, ಆ ಪುಸ್ತಕ ಬೇರೆ. ಅಭ್ಯಾಸಕ್ಕೆ ಹಾಳೆಯ ಎಡ ಅಂಚಿಗೆ ದಪ್ಪ ಕೆಂಪು ಟೇಪ್ ಅಂಟಿಸಿ, ಬಾಗಿಲ ಮುಂದೆ ಆದ್ರೆ ಎಡಗಡೆ ಕೆಮ್ಮಣ್ಣಿನ ಪಟ್ಟಿ ಎಳೀರಿ, ಶುರು ಮಾಡೋ ಮುಂಚೆ ತಲೆ ತಿರುಗಿಸಿ ಆ ಕೆಂಪನ್ನ ಹುಡುಕೋಕೆ ಹೇಳಿ, ನಿಮ್ಹಾನ್ಸ್ ಥರದ ಕಡೆ ಥೆರಪಿಸ್ಟ್ ಹತ್ರ ಸರಿಯಾಗಿ ಕಲೀರಿ. ಪುಸ್ತಕಕ್ಕೆ ಮಾತ್ರ ಟೇಪೂ ಬೇಡ ತಿದ್ದೋದೂ ಬೇಡ, "ಎಡಗಡೆ ಬಿಟ್ಟಿದೀರಲ್ಲ" ಅನ್ನದೇ "ಇದ್ರ ಬಗ್ಗೆ ಹೇಳಮ್ಮ" ಅನ್ನಿ. ಬರೆಯೋವಾಗ ಟಿವಿ ಆಫ್ ಮಾಡಿ, ಮೆದುಳು ಬೇಗ ಸುಸ್ತಾಗುತ್ತೆ, ಸಾಕು ಅಂದ್ರೆ ಸಾಕು. ಸ್ಟೌವ್ ಹತ್ರ ಒಬ್ಬರೇ ಬೇಡ. ಫಿಟ್ಸ್ ಬಂದ್ರೆ, ತಲೆನೋವು ವಿಪರೀತ ಆದ್ರೆ, ಎಬ್ಬಿಸಿದ್ರೂ ಏಳದಷ್ಟು ಮಂಪರು ಬಂದ್ರೆ ನನಗೆ ಫೋನ್ ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆ.

"ಮೊದಲಿನ ಥರ ಯಾವಾಗ ಆಗ್ತಾಳೆ?" ಅಂತ ಗಂಡ ಕೇಳಿದ್ರು. ನೆಗ್ಲೆಕ್ಟ್ ಕೆಲವರಿಗೆ ತಿಂಗಳುಗಳಲ್ಲಿ ಕಮ್ಮಿ ಆಗುತ್ತೆ, ಕೆಲವರಿಗೆ ಉಳ್ಕೊಳ್ಳುತ್ತೆ, ಅಂತಲೇ ಹೇಳಿದೆ. ಸುಳ್ಳು ಧೈರ್ಯ ಕೊಡಬಾರದು.

ಮುಂದಿನ ಸಲ ಬಂದಾಗ ಮಗಳು ರಂಗೋಲಿ ಅಳಿಸೋದು ಬಿಟ್ಟಿದ್ಲು, ಕೆಮ್ಮಣ್ಣು ಎಳೆದ ದಿನ ಎಡಗಡೆನೂ ಕೆಲವು ಚುಕ್ಕಿ ಬೀಳ್ತಿದ್ವಂತೆ. ಅಜ್ಜಿ ಚಿತ್ರ ಸ್ಟೇಟಸ್‌ಗೆ ಹಾಕ್ಲಾ ಅಂದ್ಲು, ಅಮ್ಮನ್ನೇ ಕೇಳು ಅಂದೆ. ಅಮ್ಮ ಬೇಡ ಅಂದ್ರು, ಹಾಕಲಿಲ್ಲ.