ಸರ್ಕಾರ ಬೀಳುತ್ತಾ ಅಂತ ಆಮೇಲೆ ನೋಡಿ, ಪಾಸ್‌ಪೋರ್ಟ್ ಯಾರ ಡ್ರಾಯರ್‌ನಲ್ಲಿದೆ ಅಂತ ಮೊದಲು ನೋಡಿ

ದುಡಿಯಲು ಹೋದ ದೇಶದಲ್ಲಿ ಜನ ಸರ್ವಾಧಿಕಾರಿಯ ಮೇಲೆ ತಿರುಗಿಬಿದ್ದಿದ್ದಾರೆ, ಎರಡು ತಿಂಗಳ ಸಂಬಳ ಬಾಕಿ ಇದೆ, ಸರ್ಕಾರ ಬೀಳುತ್ತೋ ಉಳಿಯುತ್ತೋ ನೋಡಿಕೊಂಡು ಹೊರಡಲೇ ಅಂತ ಕೇಳಿದ್ದೀರಿ. 2011ರ ಫೆಬ್ರವರಿಯಲ್ಲಿ ಲಿಬಿಯಾದ ಬೆಂಗಾಜಿಯಲ್ಲಿ, ಊರಾಚೆಯ ಕಟ್ಟಡ ಕೆಲಸದ ಕ್ಯಾಂಪಿನಲ್ಲಿ ಕೂತು ನಾವು ಹಾಕುತ್ತಿದ್ದುದೂ ಇದೇ ಲೆಕ್ಕ. ಟ್ಯುನೀಷಿಯಾದ ಬೆನ್ ಅಲಿ ನಾಲ್ಕು ವಾರಕ್ಕೆ ಓಡಿಹೋಗಿದ್ದ. ಈಜಿಪ್ಟಿನ ಮುಬಾರಕ್ 18 ದಿನಕ್ಕೆ ಇಳಿದಿದ್ದ. ಲಿಬಿಯಾದ ಗದ್ದುಗೆಯಲ್ಲಿ 1969ರಿಂದ ಕೂತಿದ್ದ ಗಡಾಫಿಗೆ ಒಂದು ತಿಂಗಳು ಅಂತ ನಮ್ಮ ಅಂದಾಜು. ಬೆಂಗಾಜಿ ಐದೇ ದಿನದಲ್ಲಿ, ಫೆಬ್ರವರಿ 20ಕ್ಕೆ, ಅವನ ಕೈತಪ್ಪಿತು. ಅವನು ಸತ್ತದ್ದು ಅಕ್ಟೋಬರ್ 20ಕ್ಕೆ. ನಡುವೆ ಮಾರ್ಚ್ 19ರಂದು ಅವನ ಟ್ಯಾಂಕ್‌ಗಳು ಮತ್ತೆ ಬೆಂಗಾಜಿಯ ಬಾಗಿಲಿಗೇ ಬಂದಿದ್ದವು. ಇಂಥ ಲೆಕ್ಕದ ಮೇಲೆ ಟಿಕೆಟ್ ಬುಕ್ ಮಾಡಲಾಗುತ್ತದೆಯೇ?

ನನ್ನ ತಪ್ಪು ದಂಗೆ ಶುರುವಾಗುವ ಹಿಂದಿನ ದಿನದ್ದು. ಫೆಬ್ರವರಿ 14, ಸೋಮವಾರ, ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಕೊಡುವ ಪರವಾನಗಿ, ಅದರ ನವೀಕರಣಕ್ಕೆಂದು ಕಂಪನಿಯ ಮಂದೂಬ್ ಕೈಗೆ ಪಾಸ್‌ಪೋರ್ಟ್ ಕೊಟ್ಟೆ. ಮಂದೂಬ್ ಅಂದರೆ ಸರ್ಕಾರಿ ಕಚೇರಿಗಳಿಗೆ ಕಾಗದ ಪತ್ರ ಹೊತ್ತು ಓಡಾಡುವ ಸ್ಥಳೀಯ. ಇಕಾಮಾ ಮುಗಿಯಲು ಇನ್ನೂ ಐದು ವಾರ ಇತ್ತು, ಅಂದೇ ಕೊಡಬೇಕಾದ ಜರೂರು ಏನೂ ಇರಲಿಲ್ಲ. ರಸೀದಿ ಕೇಳಲಿಲ್ಲ. ಅರ್ಜಿಗೆ ನಾಲ್ಕು ಫೋಟೊ ಸಾಕು ಅಂದ, ನನ್ನ ಹತ್ತಿರ ಆರು ಇದ್ದವು, ಇರಲಿ ಅಂತ ಉಳಿದೆರಡನ್ನೂ ಕೊಟ್ಟೆ. ಜೆರಾಕ್ಸ್ ಪ್ರತಿ ಒಂದೇ ಇತ್ತು, ಅದನ್ನೂ ಕೊಟ್ಟೆ. ಸ್ಕ್ಯಾನ್ ಮಾಡಿದ್ದು ಇಮೇಲ್‌ನಲ್ಲಿದೆಯಲ್ಲ ಅನ್ನುವ ಧೈರ್ಯ.

ಮರುದಿನ ಸಂಜೆ ಗಲಾಟೆ ಶುರುವಾಯಿತು. 1996ರಲ್ಲಿ ಅಬು ಸಲೀಂ ಜೈಲಿನಲ್ಲಿ ಕೊಲ್ಲಲ್ಪಟ್ಟವರ ಮನೆಯವರ ಪರ ವಾದಿಸುತ್ತಿದ್ದ ವಕೀಲರನ್ನು ಹಿಡಿದದ್ದೇ ಕಾರಣ. 17ಕ್ಕೆ ಊರೇ ಬೀದಿಯಲ್ಲಿತ್ತು. 18ರ ರಾತ್ರಿ ಇಂಟರ್ನೆಟ್ ಕಡಿದರು, ನನ್ನ ಸ್ಕ್ಯಾನ್ ಅಲ್ಲಿಗೇ ಸತ್ತಿತು. ಪೊಲೀಸ್ ಠಾಣೆಗಳು ಉರಿದವು, ಕಚೇರಿಗಳು ಮುಚ್ಚಿದವು, ಮಂದೂಬ್ ತನ್ನ ಮನೆಯವರನ್ನು ನೋಡಿಕೊಳ್ಳಲು ಹೋದ. ಅವನನ್ನು ದೂರಲಾರೆ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಪಾಸ್‌ಪೋರ್ಟ್ ಅವನ ಮೇಜಿನಲ್ಲಿತ್ತೋ ಇಲಾಖೆಯ ಕಟ್ಟಿನಲ್ಲಿತ್ತೋ ಇವತ್ತಿಗೂ ತಿಳಿಯದು.

ಪಾಸ್‌ಪೋರ್ಟ್ ಇಲ್ಲದವರಿಗೆ ದೂತಾವಾಸ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಒಂದು ಸಲ, ಒಂದೇ ದಿಕ್ಕಿಗೆ, ಭಾರತಕ್ಕೆ ಮಾತ್ರ ನಡೆಯುವ ಕಾಗದ. ಕೊಡಬೇಕಾದರೆ ನೀವು ಭಾರತೀಯರು ಅಂತ ಖಾತ್ರಿಯಾಗಬೇಕು: ಹಳೆಯ ಪಾಸ್‌ಪೋರ್ಟಿನ ಪ್ರತಿ ಅಥವಾ ನಂಬರ್, ಅದನ್ನು ಎಲ್ಲಿ ಯಾವಾಗ ಕೊಟ್ಟದ್ದು, ಊರಿನ ವಿಳಾಸ, ಮತ್ತೆ ಫೋಟೊ. ನಂಬರ್ ನನಗೆ ಬಾಯಿಗೆ ಬರುತ್ತಿರಲಿಲ್ಲ. ಫೋಟೊ ಸ್ಟುಡಿಯೊ ಒಂದೂ ತೆರೆದಿರಲಿಲ್ಲ. ಕ್ಯಾಂಪಿನ ಗೇಟ್ ಪಾಸ್‌ನಿಂದ ಫೋಟೊ ಕತ್ತರಿಸಲು ಹೋದೆ, ಲ್ಯಾಮಿನೇಷನ್ ಜೊತೆ ಅರ್ಧ ಮುಖ ಕಿತ್ತು ಬಂತು. ಕೊನೆಗೆ ಊರಿಗೆ ಫೋನ್ ಸಿಕ್ಕಾಗ ಮನೆಯವರು ಅಲ್ಲಿದ್ದ ಹಳೆಯ ಜೆರಾಕ್ಸ್ ನೋಡಿ ನಂಬರ್ ಓದಿದರು. ಲೈನ್ ಎರಡು ಸಲ ಕಟ್ಟಾಯಿತು, ಕೊನೆಯ ಮೂರು ಅಂಕಿಗೆ ಇನ್ನೊಂದು ದಿನ.

ಅಷ್ಟರಲ್ಲಿ ಭಾರತ ಸರ್ಕಾರ ಸ್ಕೋಶಿಯಾ ಪ್ರಿನ್ಸ್ ಅನ್ನುವ ಹಡಗು ಕಳಿಸಿತ್ತು. ಸುಮಾರು 1,200 ಜನ ಹಿಡಿಯುವ ಹಡಗು, ಬೆಂಗಾಜಿಯಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ವಿಮಾನ. ಲಿಬಿಯಾದಲ್ಲಿ ನಾವು ಸುಮಾರು 18,000 ಭಾರತೀಯರಿದ್ದೆವು. ಮೊದಲ ಸರದಿಗೆ ಕಾಗದ ಇದ್ದವರು ಹೋದರು. ನಾನು ಬಂದರಿನ ಶೆಡ್ಡಿನಲ್ಲಿ ರಟ್ಟು ಹಾಸಿಕೊಂಡು ಉಳಿದೆ. ಫೆಬ್ರವರಿಯಲ್ಲಿ ಮೆಡಿಟರೇನಿಯನ್ ಹುಚ್ಚು ಕಡಲು. ಅಮೆರಿಕನ್ನರನ್ನು ಒಯ್ಯಲು ಬಂದ ಹಡಗೇ ಅಲೆಗೆ ಹೆದರಿ ತ್ರಿಪೋಲಿ ಬಂದರಿನಲ್ಲಿ ಎರಡು ದಿನ ಕಟ್ಟಿ ನಿಂತಿತ್ತು. ಹಡಗಿದ್ದರೆ ಸಾಕು ಅಂದುಕೊಳ್ಳಬೇಡಿ, ಕಾಯುವ ದಿನಗಳಿಗೂ ಕೈಯಲ್ಲಿ ದುಡ್ಡಿರಬೇಕು.

ಆ ದುಡ್ಡು ಸಣ್ಣ ನೋಟಿನಲ್ಲಿರಲಿ. ಬ್ಯಾಂಕ್ ಮುಚ್ಚಿದ ಊರಿನಲ್ಲಿ 50ರ ನೋಟಿಗೆ ಚಿಲ್ಲರೆ ಕೊಡುವವರಿಲ್ಲ. ಗಡಿಯಾಚೆ ಆ ದೇಶದ ನೋಟಿಗೆ ಕಾಸಿನ ಕಿಮ್ಮತ್ತಿಲ್ಲ, ಆದ್ದರಿಂದ ಡಾಲರ್ ಬೇರೆ ಇಡಿ, ಎರಡು ಕಡೆ ಇಡಿ. ತ್ರಿಪೋಲಿ ಕಡೆಯಿಂದ ಟ್ಯುನೀಷಿಯಾ ಗಡಿ ರಾಸ್ ಅಜ್ದೀರ್‌ಗೆ ಹೋದವರ ಗತಿ ಇನ್ನೂ ಕಷ್ಟ. ಸುಮಾರು 170 ಕಿಲೋಮೀಟರ್ ದಾರಿಯಲ್ಲಿ ತಡೆಯ ಮೇಲೆ ತಡೆ. ಹೊರಗೆ ವಿಡಿಯೊ ಹೋಗದಿರಲಿ ಅಂತ ಗಡಾಫಿಯ ಸೈನಿಕರು ಸಿಮ್ಮು, ಮೆಮೊರಿ ಕಾರ್ಡು ಕಿತ್ತುಕೊಳ್ಳುತ್ತಿದ್ದರು. ಎಷ್ಟೋ ಜನರ ದುಡ್ಡೂ ಹೋಯಿತು. ಫೋನಿನಲ್ಲಿ ಮೆರವಣಿಗೆಯ ಒಂದೇ ಒಂದು ಚಿತ್ರ ಇದ್ದರೂ ಈಗಲೇ ಅಳಿಸಿ. ನಂಬರ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಸಿಮ್ ಹೋದ ಮೇಲೆ ಸ್ವಂತ ಹೆಂಡತಿಯ ನಂಬರ್ ನೆನಪಾಗದವರನ್ನು ನೋಡಿದ್ದೇನೆ.

ಸ್ಥಳೀಯರು ನಮ್ಮ ಮೇಲೆ ತಿರುಗಿಬೀಳುತ್ತಾರಾ ಅಂತಲೂ ಕೇಳಿದ್ದೀರಿ. ಆ ಭಯ ಅರ್ಧ ತಪ್ಪು. ನೆರೆಹೊರೆ ಇದ್ದವರು ಉಳಿದುಕೊಂಡರು. ಊರೊಳಗೆ ಬಾಡಿಗೆ ಮನೆಯಲ್ಲಿದ್ದ ನಮ್ಮ ನರ್ಸ್‌ಗಳ ಬಾಗಿಲಲ್ಲಿ ಆ ಬೀದಿಯ ಹುಡುಗರೇ ಕಬ್ಬಿಣದ ರಾಡ್ ಹಿಡಿದು ಸರದಿಯ ಮೇಲೆ ರಾತ್ರಿಯಿಡೀ ಕಾದರು, ಬೆಳಿಗ್ಗೆ ಖುಬ್ಜ್, ಅಂದರೆ ಅಲ್ಲಿನ ರೊಟ್ಟಿ, ತಂದುಕೊಟ್ಟರು. ಲೂಟಿಯಾದದ್ದು ನಮ್ಮಂಥ ಕ್ಯಾಂಪ್‌ಗಳು, ಚೀನಿ, ಕೊರಿಯನ್ ಕಂಪನಿಗಳ ಸೈಟ್‌ಗಳು. ಅಲ್ಲಿ ಪಿಕಪ್, ಜನರೇಟರ್, ಕಂಪ್ಯೂಟರ್ ಎಲ್ಲ ಇದೆ, ನಮ್ಮವರು ಅಂತ ಅಡ್ಡ ಬರುವ ಅಕ್ಕಪಕ್ಕದ ಮನೆ ಒಂದೂ ಇಲ್ಲ. ನೀವು ಕ್ಯಾಂಪಿನಲ್ಲಿದ್ದರೆ ಇವತ್ತೇ ಊರೊಳಗಿನ ಯಾರ ಮನೆಗಾದರೂ ಹೋಗಿ ಸೇರಿ.

ನಿಜವಾಗಿ ಪೆಟ್ಟು ತಿಂದವರು ಚಾಡ್, ನೈಜರ್, ಘಾನಾದ ಕಪ್ಪು ಕೂಲಿಗಳು. ಗಡಾಫಿ ಆಫ್ರಿಕಾದಿಂದ ಬಾಡಿಗೆ ಸೈನಿಕರನ್ನು ತರಿಸಿದ್ದಾನೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಸಿಮೆಂಟ್ ಹೊರುತ್ತಿದ್ದವನೂ ಸೈನಿಕನಾಗಿಬಿಟ್ಟ. ಕತ್ತಲಲ್ಲಿ ನನ್ನ ಬಣ್ಣಕ್ಕೂ ಅವರ ಬಣ್ಣಕ್ಕೂ ಹೆಚ್ಚು ಅಂತರ ಕಾಣದು. ಟಾರ್ಚ್ ಮುಖಕ್ಕೆ ಬಿದ್ದ ಕೂಡಲೇ ಎರಡೂ ಕೈ ತೋರಿಸಿ 'ಅನಾ ಹಿಂದಿ, ಹಿಂದಿ' ಅಂತ ಕೂಗುವುದು. ಅರಬ್ಬಿಯಲ್ಲಿ ಹಿಂದಿ ಅಂದರೆ ಭಾರತೀಯ. ನೆಟ್ಟಗೆ ಎರಡು ವಾಕ್ಯ ಹಿಂದಿ ಬಾರದ ಕನ್ನಡಿಗ ದಿನಕ್ಕೆ ಇಪ್ಪತ್ತು ಸಲ ನಾನು ಹಿಂದಿ ಅಂತ ಒದರಬೇಕಾಗಿ ಬಂತು. ರಾತ್ರಿ ಓಡಾಡಬೇಡಿ, ಐದಾರು ಗಂಡಸರು ಒಟ್ಟಾಗಿ ನಡೆಯಬೇಡಿ. ಗೆದ್ದವರ ಬಾವುಟವನ್ನೂ ಹಿಡಿಯಬೇಡಿ, ಮುಂದಿನ ತಡೆಯಲ್ಲಿ ನಿಂತವರು ಯಾರ ಕಡೆಯವರೋ!

ನೆರೆಯ ದೇಶದ ಬಗ್ಗೆ ಒಂದೇ ಮಾತು: ಗಡಿ ದಾಟಿದರೆ ಗೆದ್ದಂತಲ್ಲ. ರಾಸ್ ಅಜ್ದೀರ್ ದಾಟಿ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು. ಬೆನ್ ಗರ್ದಾನ್ ಊರಿನ ಟ್ಯುನೀಷಿಯನ್ನರು ಬ್ರೆಡ್ಡು, ನೀರು, ಕಂಬಳಿ ಗಾಡಿಯಲ್ಲಿ ತುಂಬಿ ತಂದರು, ತಮ್ಮದೇ ಕ್ರಾಂತಿ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ಆದರೆ ಮನೆಗೆ ಒಯ್ಯಬೇಕಾದವರು ನಿಮ್ಮ ಸರ್ಕಾರದವರು. ಬಾಂಗ್ಲಾದೇಶದ ಸಾವಿರಾರು ಕೂಲಿಗಳು ವಿಮಾನಕ್ಕೆ ಕಾಯುತ್ತಾ ಗಡಿಯ ಹತ್ತಿರದ ಚೂಚಾ ಶಿಬಿರದ ಡೇರೆಗಳಲ್ಲಿ ದಿನಗಟ್ಟಲೆ ಬಿದ್ದಿದ್ದರು. ಆದ್ದರಿಂದ ದೂತಾವಾಸದಲ್ಲಿ ಹೆಸರು ನೋಂದಾಯಿಸುವುದನ್ನು ನಾಳೆಗೆ ಇಡಬೇಡಿ.

ಸಂಬಳ ಬರುತ್ತದೆ ಅಂತ ಕಾಯಬೇಡಿ. ಒಪ್ಪಂದದ ಪ್ರತಿ, ಕೊನೆಯ ಸಂಬಳ ಚೀಟಿ ಜೊತೆಗಿದ್ದರೆ ಆಮೇಲೆ ಕೇಳಲು ದಾರಿ ಇರುತ್ತದೆ. ನನಗೆ ಸಿಗಲಿಲ್ಲ, ಅದು ಬೇರೆ ಮಾತು.

ನಾಳೆ ಬೆಳಿಗ್ಗೆ ಕಚೇರಿ ತೆರೆದ ತಕ್ಷಣ ಹೋಗಿ ಪಾಸ್‌ಪೋರ್ಟ್ ಕೇಳಿ. ಊರಿಗೆ ಹೋಗುತ್ತೇನೆ ಅನ್ನಬೇಡಿ, ಕೊಡುವುದಿಲ್ಲ. ದೂತಾವಾಸದಲ್ಲಿ ನವೀಕರಣಕ್ಕೆ ಕರೆದಿದ್ದಾರೆ ಅನ್ನಿ. ತಕರಾರು ಮಾಡಿದರೆ ಅದು ಭಾರತ ಸರ್ಕಾರದ ಸ್ವತ್ತು ಅಂತ ಪಾಸ್‌ಪೋರ್ಟಿನೊಳಗೇ ಅಚ್ಚಾಗಿರುವುದನ್ನು ತೋರಿಸಿ. ಎಕ್ಸಿಟ್ ವೀಸಾ, ಅಂದರೆ ದೇಶ ಬಿಟ್ಟು ಹೊರಡಲು ಅನುಮತಿ, ಬೇಕಾದ ದೇಶವಾದರೆ ಕಚೇರಿಗಳು ಮುಚ್ಚುವ ಮೊದಲೇ ಮುದ್ರೆ ಹಾಕಿಸಿ. ಮೂರು ಜೆರಾಕ್ಸ್ ಮಾಡಿಸಿ: ಒಂದು ಚೀಲದಲ್ಲಿ, ಒಂದು ಅಂಗಿಯ ಒಳಜೇಬಿನಲ್ಲಿ, ಒಂದು ನಂಬುವ ಸ್ಥಳೀಯರ ಮನೆಯಲ್ಲಿ. ಫೋಟೊ ಎಂಟು ಹೊಡೆಸಿ. ಆಮೇಲೆ ಯಾವ ಮಂದೂಬ್ ಬಂದು ಎಷ್ಟೇ ಸಿಹಿಯಾಗಿ ಕೇಳಿದರೂ ಪಾಸ್‌ಪೋರ್ಟ್ ಮನೆಯಲ್ಲಿ ಮರೆತು ಬಂದಿದ್ದೇನೆ ಅನ್ನಿ.