ಒಂದು ನಿಮಿಷಕ್ಕೇ ನುಂಗಿಬಿಡುತ್ತಿದ್ದರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ ಮೂವತ್ತರ ಆಸುಪಾಸು. ಬೆನ್ನುನೋವಿಗೆಂದು ಶುರುವಾದ ಓಪಿಯಾಯ್ಡ್ (ಅಫೀಮಿನ ಗುಂಪಿನ ನೋವು ನಿವಾರಕ) ಮಾತ್ರೆ ಚಟವಾಗಿತ್ತು. ಈಗ ಆ ಚಟಕ್ಕೆ ಕೊಡುವ, ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆ ನಡೆಯುತ್ತಿತ್ತು. ಗಂಡ ಹೆಂಡತಿ ಒಟ್ಟಿಗೇ ನನ್ನ ಬಳಿ ಮಾತಾಡಲು ಬಂದಿದ್ದರು.

"ತಗೊಂಡಿದ್ದೀನಿ ಅಂದ್ರೂ ಇವಳು ನಂಬಲ್ಲ" ಎಂದರು ಗಂಡ.

"ತಗೊಂಡಿದ್ರೆ ಸಂಜೆ ಹೊತ್ತಿಗೆ ಮೈಕೈ ನೋವು, ಬೆವರು, ಚಡಪಡಿಕೆ ಯಾಕೆ ಬರುತ್ತೆ ಮೇಡಂ?" ಎಂದರು ಹೆಂಡತಿ. ದಿನಾ ಗಂಡನ ಬಾಯಿ ತೆಗೆಸಿ ನೋಡುವ ಮಟ್ಟಕ್ಕೆ ವಿಷಯ ಹೋಗಿತ್ತು.

ಮಾತ್ರೆ ತೆಗೆದುಕೊಳ್ಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿ ಎಂದು ಚಿಕಿತ್ಸೆಯ ತಂಡ ಹೇಳಿತ್ತು. ಅವರಿಗೆ ಅದು ಕಾವಲು ಹಾಕಿದಂತೆ ಅನ್ನಿಸಿತು. ನಾನು ಒತ್ತಾಯ ಮಾಡಲಿಲ್ಲ. ಎರಡು ವಾರ ಮಾಡಿ ನೋಡಿ, ಬೇಡ ಅನ್ನಿಸಿದರೆ ಬಿಡಿ ಎಂದೆ. ವಿಡಿಯೋ ತಪ್ಪಿದರೆ ಔಷಧ ನಿಲ್ಲಿಸುವುದಿಲ್ಲ ಎಂದು ವೈದ್ಯರ ಬಾಯಿಂದಲೇ ಹೇಳಿಸಿದೆ. ಆ ಭಯ ಇದ್ದರೆ ಯಾರೂ ನಿಜ ಹೇಳಲ್ಲ, ಅಲ್ವಾ?

ಮೂರನೇ ದಿನ ನರ್ಸ್ ಕಣ್ಣಿಗೆ ಬಿತ್ತು. ನಾಲಿಗೆ ಕೆಳಗಿಟ್ಟ ಮಾತ್ರೆಯನ್ನು ಅವರು ಒಂದೇ ನಿಮಿಷಕ್ಕೆ ನೀರು ಕುಡಿದು ನುಂಗುತ್ತಿದ್ದರು. ಕಹಿ ತಡೆಯಲಾಗುತ್ತಿರಲಿಲ್ಲವಂತೆ. ಈ ಔಷಧ ಬಾಯಿಯ ಒಳಗಿನ ತೆಳು ಚರ್ಮದಿಂದಲೇ ರಕ್ತಕ್ಕೆ ಸೇರಬೇಕು. ಹೊಟ್ಟೆಗೆ ಹೋದರೆ ಹೆಚ್ಚಿನ ಪಾಲನ್ನು ಲಿವರ್ ಒಡೆದುಹಾಕುತ್ತದೆ. ಔಷಧ ಸಾಲದೆ ಸಂಜೆ ಆ ತೊಂದರೆ ಬರುತ್ತಿತ್ತು. ಇಬ್ಬರ ಮಾತೂ ನಿಜವಾಗಿತ್ತು! ಹೆಂಡತಿ ಅತ್ತುಬಿಟ್ಟರು.

ನಾನು ಹೇಳಿದ್ದು ಇಷ್ಟು. ಮೊದಲು ಬಾಯಿ ಒದ್ದೆ ಮಾಡಿಕೊಳ್ಳಿ. ಪೂರ್ತಿ ಕರಗಲು 5ರಿಂದ 10 ನಿಮಿಷ ಬೇಕು. ಅಲ್ಲಿಯ ತನಕ ಮಾತು, ನೀರು ಎರಡೂ ಬೇಡ. ಕರಗಿದ ಮೇಲೆ ಒಂದು ಗುಟುಕು ನೀರು ಬಾಯಲ್ಲಾಡಿಸಿ ನುಂಗಿ. ಹಲ್ಲುಜ್ಜಲು ಒಂದು ಗಂಟೆ ಬಿಡಿ, ಇಲ್ಲದಿದ್ದರೆ ಹಲ್ಲಿಗೆ ಪೆಟ್ಟು. ವಿಡಿಯೋ ತಂಡದ ಆಪ್‌ನಲ್ಲೇ ಹೋಗಲಿ, ಮನೆಯವರ ಗ್ರೂಪಿಗೆ ಬೇಡ.

ಹೆಂಡತಿಗೆ, ಇನ್ನು ಬಾಯಿ ತೆಗೆಸಿ ನೋಡಬೇಡಿ ಎಂದೆ. ಆ ಕೆಲಸ ನರ್ಸ್ ಮಾಡುತ್ತಾರೆ.

ಒಂದು ಮಾತನ್ನು ಇಬ್ಬರಿಗೂ ಎರಡು ಸಲ ಹೇಳಿದೆ. ಮತ್ತೆ ಹಳೆಯ ಮಾತ್ರೆ ಮುಟ್ಟಿದರೆ ಮುಚ್ಚಿಡಬೇಡಿ. ಬುಪ್ರೆನಾರ್ಫಿನ್ ಮತ್ತೆ ಯಾವಾಗ ತೆಗೆದುಕೊಳ್ಳಬೇಕು ಎಂದು ವೈದ್ಯರನ್ನೇ ಕೇಳಿ. ಆತುರ ಮಾಡಿದರೆ ಚಡಪಡಿಕೆ ಒಮ್ಮೆಗೇ ಜೋರಾಗಿ ಬರಬಹುದು. ಹಳೆಯ ಮಾತ್ರೆ ಬಿಟ್ಟು ಸ್ವಲ್ಪ ಕಾಲವಾದ ಮೇಲೆ ಮೊದಲಿನ ಪ್ರಮಾಣವೇ ಜೀವ ತೆಗೆಯಬಹುದು. ಓಪಿಯಾಯ್ಡ್ ಅತಿಯಾದಾಗ ಅದರ ಪರಿಣಾಮ ತಡೆಯುವ ನಲಾಕ್ಸೋನ್ ಔಷಧ ಮನೆಯಲ್ಲಿ ಇರಲಿ, ಹೇಗೆ ಕೊಡುವುದೆಂದು ಹೆಂಡತಿ ಕಲಿತಿರಲಿ.

ವೈದ್ಯರು ಡೋಸ್ ಜಾಸ್ತಿ ಮಾಡುವ ಯೋಚನೆಯಲ್ಲಿದ್ದರು. ಅದು ಬೇಕಾಗಲಿಲ್ಲ. ಎರಡು ವಾರ ಮುಗಿದ ಮೇಲೂ ಅವರು ವಿಡಿಯೋ ಕಳಿಸುತ್ತಿದ್ದಾರೆ.