ಹಳೇ ಹೋಟೆಲ್ ಪಟ್ಟಿ ಹಿಡಿದು ಸಿಂಗಪುರಕ್ಕೆ ಬರಬೇಡಿ

ನೀವು ಕೇಳಿದ್ದು ಎರಡು ಮಾತು. ಗೆಳೆಯರೊಬ್ಬರು 2016ರಲ್ಲಿ ಬರೆದುಕೊಟ್ಟ ಹೋಟೆಲ್ ಪಟ್ಟಿಯಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿವೆ, ಹಾಗಾದರೆ ಸಿಂಗಪುರದಲ್ಲಿ ನಮ್ಮ ಊಟ ಸಿಗಲ್ವಾ ಅನ್ನೋದು ಒಂದು. ಅಪ್ಪ ಅಮ್ಮ ಒಂದು ತಿಂಗಳು ಬಂದಿರುತ್ತಾರೆ, ಅವರಿಗೆ ತೊಂದರೆ ಆಗದಂತೆ ಭಾರತೀಯರ ಅಂಗಡಿ, ಹೋಟೆಲುಗಳೇ ತುಂಬಿರೋ ಲಿಟಲ್ ಇಂಡಿಯಾ ಬಡಾವಣೆ ಪಕ್ಕದಲ್ಲೇ ಮನೆ ಹಿಡಿಯಲಾ ಅನ್ನೋದು ಇನ್ನೊಂದು.

ಊಟ ಸಿಗುತ್ತದೆ, ಧಾರಾಳವಾಗಿ. ಪಟ್ಟಿ ಮಾತ್ರ ಎಸೆದುಬಿಡಿ. ನಾನು ಇಲ್ಲಿಗೆ ಬಂದು ಹದಿನೇಳು ವರ್ಷ ಆಯಿತು. ಈ ಊರಲ್ಲಿ ಹೋಟೆಲ್ ಪಟ್ಟಿ ಅಂದರೆ ಹಾಲಿನ ಪ್ಯಾಕೆಟ್ ಇದ್ದ ಹಾಗೆ. ತಾರೀಕು ನೋಡಿ ಬಳಸಬೇಕು.

2024ರಲ್ಲಿ ಒಂದೇ ವರ್ಷ ಇಲ್ಲಿ 3,047 ತಿಂಡಿ-ಊಟದ ಅಂಗಡಿಗಳು ಬಾಗಿಲು ಹಾಕಿದವು. ಹೆಚ್ಚುಕಮ್ಮಿ ಇಪ್ಪತ್ತು ವರ್ಷದಲ್ಲಿ ಇಷ್ಟೊಂದು ಮುಚ್ಚಿರಲಿಲ್ಲ. ಆದರೆ ಅದೇ ವರ್ಷ ಹೊಸದಾಗಿ ತೆರೆದವು ಅದಕ್ಕಿಂತ ಜಾಸ್ತಿ. ಇದು ಬರೀ ಭಾರತದ ಹೋಟೆಲುಗಳ ಲೆಕ್ಕ ಅಲ್ಲ, ಚೀನಿ, ಜಪಾನಿ, ಕಾಫಿ ಅಂಗಡಿ ಎಲ್ಲಾ ಸೇರಿ. ಹಾಗಾಗಿ ಒಂದು ಹೋಟೆಲ್ ಮುಚ್ಚಿತು ಅಂದ ತಕ್ಷಣ ಅಲ್ಲಿಗೆ ಜನ ಹೋಗುತ್ತಿರಲಿಲ್ಲ ಅಂದುಕೊಳ್ಳಬೇಡಿ. ಶನಿವಾರ ಕ್ಯೂ ನಿಂತು ತಿಂದ ಜಾಗ ಸೋಮವಾರ ಮುಚ್ಚಿದ್ದನ್ನು ನಾನೇ ನೋಡಿದ್ದೀನಿ.

ಮೊದಲ ಕಾರಣ ಬಾಡಿಗೆ. ಇಲ್ಲಿ ಅಂಗಡಿ ಕರಾರು ಸಾಮಾನ್ಯವಾಗಿ ಮೂರು ವರ್ಷದ್ದು. ಮೂರು ವರ್ಷ ಆದ ಮೇಲೆ ಮಾಲೀಕ ಹೊಸ ರೇಟು ಹೇಳುತ್ತಾನೆ. ಅದು ಗಿಟ್ಟದಿದ್ದರೆ ಹೋಟೆಲಿನವರು ಪಾತ್ರೆ ಎತ್ತಿಕೊಂಡು ಹೊರಡಬೇಕು. ನಮ್ಮೂರಲ್ಲಾದರೆ ಎಷ್ಟೋ ಹೋಟೆಲುಗಳು ಸ್ವಂತ ಕಟ್ಟಡದಲ್ಲಿ ಅಥವಾ ಹಳೇ ಬಾಡಿಗೆಯಲ್ಲಿ ತಲೆಮಾರು ದಾಟುತ್ತವೆ. ಇಲ್ಲಿ ಆ ಭಾಗ್ಯ ಇರುವವರು ಕಡಿಮೆ.

ಎರಡನೆಯದು ಅಡುಗೆಯವರು. ಇದು ನಮಗೆ ಹೆಚ್ಚು ತಟ್ಟುವ ವಿಷಯ. ಹೋಟೆಲಿನಲ್ಲಿ ವಿದೇಶಿ ಕೆಲಸಗಾರರು ಒಟ್ಟು ಸಿಬ್ಬಂದಿಯ ಶೇ. 35ಕ್ಕಿಂತ ಜಾಸ್ತಿ ಇರುವಂತಿಲ್ಲ. ದೋಸೆ ಹುಯ್ಯಲು ಬರುವ ಒಬ್ಬರನ್ನು ಊರಿಂದ ಕರೆತರಬೇಕಾದರೆ ಅದಕ್ಕೆ ತಕ್ಕಷ್ಟು ಸ್ಥಳೀಯರಿಗೆ ಕೆಲಸ ಕೊಟ್ಟಿರಬೇಕು. ಅದೂ ಅಲ್ಲದೆ ಭಾರತದ ಅಡುಗೆಯವರನ್ನು ಸಾಧಾರಣ ವರ್ಕ್ ಪರ್ಮಿಟ್ ಮೇಲೆ ತರಲು ಮುಂಚೆ ಅವಕಾಶವೇ ಇರಲಿಲ್ಲ. ಜಾಸ್ತಿ ಸಂಬಳದವರಿಗೆ ಕೊಡೋ ಎಸ್ ಪಾಸ್ ಅನ್ನೋ ಪರವಾನಗಿ ಬೇಕಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಹೋಟೆಲುಗಳ ಅಡುಗೆಯವರಿಗೆ ಅಂತ ಒಂದು ಬಾಗಿಲು ತೆರೆದರು. ಸಂಬಳ ತಿಂಗಳಿಗೆ ಕನಿಷ್ಠ 2,000 ಸಿಂಗಪುರ ಡಾಲರ್ ಇರಬೇಕು ಅನ್ನೋ ಷರತ್ತು ಹಾಕಿ. ಚಿಕ್ಕ ಹೋಟೆಲಿಗೆ ಅದೂ ಹಗುರ ಏನಲ್ಲ. ಹಾಗಾಗಿ ಒಬ್ಬರೇ ಭಟ್ಟರ ಕೈಮೇಲೆ ನಿಂತ ಹೋಟೆಲುಗಳು ಇಲ್ಲಿ ಬಹಳ. ಅವರು ಊರಿಗೆ ಹೋದರು ಅಂದರೆ ಬೋರ್ಡು ಹಾಗೇ ಇರುತ್ತದೆ, ಸಾಂಬಾರು ಬೇರೆ ಆಗಿರುತ್ತದೆ.

ಕೊರೊನಾ ಕಾಲದ್ದು ಉದ್ದ ಹೇಳಲ್ಲ. 2020ರ ಏಪ್ರಿಲ್ 7ರಿಂದ ಜೂನ್ 18ರವರೆಗೆ ಒಳಗೆ ಕೂತು ತಿನ್ನೋ ಹಾಗಿರಲಿಲ್ಲ. 2021ರಲ್ಲಿ ಮತ್ತೆರಡು ಸಲ ಹಾಗೇ ಆಯಿತು. ನಿಮ್ಮ ಪಟ್ಟಿಯ ಕೆಲವು ಹೆಸರುಗಳು ಆಗಲೇ ಹೋಗಿರಬೇಕು. ಈಗ ವಾರಾಂತ್ಯಕ್ಕೆ ಸೇತುವೆ ದಾಟಿ ಮಲೇಷ್ಯಾದ ಜೊಹೋರ್ ಬಾರುಗೆ ಹೋಗಿ ತಿಂದು ಬರುವವರೂ ಜಾಸ್ತಿ. ಒಂದು ಡಾಲರ್‌ಗೆ ಮೂರು ರಿಂಗಿಟ್ ಮೇಲೆ ಸಿಕ್ಕರೆ ಯಾರು ಬಿಡುತ್ತಾರೆ!

ನನಗೆ ಆದದ್ದೊಂದು ಹೇಳುತ್ತೀನಿ. ಹೆಸರು ಬೇಡ, ಪಾಪ, ಅವರದ್ದೂ ಕಷ್ಟ. ರೇಸ್ ಕೋರ್ಸ್ ರೋಡಿನ ಹತ್ತಿರ ಒಂದು ಪುಟ್ಟ ಜಾಗ ಇತ್ತು. ಆರು ಮೇಜು. ಶನಿವಾರ ಮಾತ್ರ ನೀರುದೋಸೆ, ಕಾಯಿಬೆಲ್ಲ. ಒಳಗಿಂದ ಕಾವಲಿ ಮೇಲೆ ಹಿಟ್ಟು ಬಿದ್ದ ಸದ್ದು ಗಲ್ಲಾದವರೆಗೂ ಕೇಳುತ್ತಿತ್ತು. ನಮ್ಮ ಮನೆ ಗೃಹಪ್ರವೇಶಕ್ಕೆ ನಲವತ್ತು ಜನರ ಊಟ ಅಲ್ಲೇ ಹೇಳಿ, ಅರ್ಧ ದುಡ್ಡು ಮುಂಗಡ ಕೊಟ್ಟೆ. ಹಿಂದಿನ ಸಂಜೆ ಬಿಸಿಬೇಳೆಬಾತಿಗೆ ತುಪ್ಪ ಕಡಿಮೆ ಹಾಕಿ ಅಂತ ಹೇಳಲು ಹೋದರೆ ಶಟರ್ ಎಳೆದಿತ್ತು. ಒಂದು ಕಾಗದ ಅಂಟಿಸಿದ್ದರು, ಒಳಗೆ ರಿಪೇರಿ ಕೆಲಸ ಅಂತ. ಫೋನ್ ಸ್ವಿಚ್ ಆಫ್. ಶಟರ್ ಕೆಳಗಿನ ಸಂದಿಯಲ್ಲಿ ನೋಡಿದೆ. ಮೇಜುಗಳೇ ಇರಲಿಲ್ಲ. ಮರುದಿನ ನಲವತ್ತು ಜನಕ್ಕೆ ನಾನು, ಹೆಂಡತಿ, ಪಕ್ಕದ ಮನೆಯ ತಮಿಳು ಅಜ್ಜಿ ಸೇರಿ ಪುಳಿಯೋಗರೆ ಕಲಸಿದ್ದು. ದುಡ್ಡು ಹೋದದ್ದು ಹೋಯಿತು. ಇವತ್ತಿಗೂ ನನಗೆ ಆ ನೀರುದೋಸೆಯ ಮೇಲೇ ಜಾಸ್ತಿ ದುಃಖ.

ಆಮೇಲೆ ಹೋಟೆಲ್ ಬೀಳುವ ಲಕ್ಷಣ ಗುರುತಿಸೋದು ಕಲಿತೆ. ಮೊದಲು ಮೆನು ದಪ್ಪ ಆಗುತ್ತದೆ. ದೋಸೆ ಇಡ್ಲಿಯವರು ಇದ್ದಕ್ಕಿದ್ದಂತೆ ಗೋಬಿ ಮಂಚೂರಿ, ಪನೀರ್ ಟಿಕ್ಕಾ, ಪಾವ್ ಭಾಜಿ ಹಾಕುತ್ತಾರೆ. ನಂತರ ಚಟ್ನಿ ತೆಳ್ಳಗಾಗುತ್ತದೆ. ಆಮೇಲೆ ಮಾಲೀಕರೇ ತಟ್ಟೆ ತಂದಿಡುತ್ತಾರೆ. ಅಷ್ಟು ಹೊತ್ತಿಗೆ ಅಲ್ಲಿ ಮುಂಗಡ ಕೊಡಬಾರದು ಅಂತ ಅರ್ಥ. ಇನ್ನೊಂದು, ಗಲ್ಲಾದಲ್ಲಿ ಹೊಸ ಮುಖ ಕಂಡರೆ ಹೋಟೆಲ್ ಕೈ ಬದಲಾಗಿದೆಯಾ ಕೇಳಿ. ಹೆಸರಿಗೆ ಬೆಲೆ ಇರುತ್ತದಲ್ವಾ, ಬೋರ್ಡು ಬದಲಿಸುವುದಿಲ್ಲ.

ಹಾಗಂತ ಎಲ್ಲವೂ ನೀರಿನ ಮೇಲಿನ ಗುಳ್ಳೆ ಅಲ್ಲ. ಕೋಮಳ ವಿಲಾಸ್ 1947ರಿಂದ ಇದೆ, ಸೆರಂಗೂನ್ ರೋಡಿನಲ್ಲಿ. ಆನಂದ ಭವನ್ 1924ರದ್ದು. ನಮ್ಮ ಬೆಂಗಳೂರಿನ ಎಂಟಿಆರ್ ಹುಟ್ಟಿದ್ದೂ ಅದೇ 1924ರಲ್ಲಿ. ಆ ಎಂಟಿಆರ್ 2013ರಲ್ಲಿ ಇಲ್ಲಿ ಸೆರಂಗೂನ್ ರೋಡಿಗೇ ಬಂತು, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ. ಅಂದಹಾಗೆ ಎಂಟಿಆರ್ ಕೂಡ ಒಮ್ಮೆ ಬಾಗಿಲು ಹಾಕಿದ ಹೋಟೆಲೇ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಟ್ಟಿದ ಬೆಲೆಗೆ ಗಿಟ್ಟದೆ ಮುಚ್ಚಿದರು, ಆ ಹೊತ್ತಿನಲ್ಲಿ ಪುಡಿ, ಮಿಕ್ಸ್ ಮಾರಿ ಬದುಕಿದರು, 1984ರಲ್ಲಿ ಮತ್ತೆ ತೆರೆದರು. ನಿಮ್ಮ ತಂದೆಯವರಿಗೆ ನೆನಪಿರಬಹುದು, ಕೇಳಿ ನೋಡಿ.

ಅಪ್ಪ ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ. ಇಲ್ಲಿನ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳಲ್ಲಿ ಹೆಚ್ಚಿನವು ತಮಿಳರ ಕೈಯಲ್ಲಿವೆ. ಬೋರ್ಡಿನ ಮೇಲೆ ದೋಸೆ ಅಂತ ಹುಡುಕಬೇಡಿ, 'ತೋಸೈ' ಅಂತ ಬರೆದಿರುತ್ತದೆ. ಮಸಾಲೆ ದೋಸೆ ಒಳಗೆ ಕೆಂಪು ಚಟ್ನಿ ಸವರಿರುವುದಿಲ್ಲ. ಸಾಂಬಾರಿನಲ್ಲಿ ಬೆಲ್ಲ ಇರುವುದಿಲ್ಲ. ನನ್ನ ಅಮ್ಮ ಮೊದಲ ಸಲ ಬಂದಾಗ ಒಂದು ಗುಟುಕು ಕುಡಿದು, ಬಟ್ಟಲನ್ನು ಎರಡು ಬೆರಳಲ್ಲಿ ಮೆಲ್ಲಗೆ ದೂರ ತಳ್ಳಿ, "ಉಪ್ಪಿದೆ, ಹುಳಿ ಇದೆ" ಅಂದರು, ಅಷ್ಟೇ. ಎರಡು ವಾರ ಬಿಟ್ಟು ಅದನ್ನೇ ಎರಡನೇ ಸಲ ಹಾಕಿಸಿಕೊಂಡರು. ಮೂರನೇ ವಾರ ಎಂಟಿಆರ್‌ಗೆ ಕರೆದುಕೊಂಡು ಹೋದರೆ ಸಾಂಬಾರು ಸಿಹಿ ಅಂದರು!

ದುಡ್ಡಿನ ಲೆಕ್ಕಕ್ಕೆ ಬಂದರೆ, ದೊಡ್ಡ ಹೋಟೆಲಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡು ಚಿಹ್ನೆ ಇದ್ದರೆ ಹುಷಾರು. ಶೇ. 10 ಸರ್ವಿಸ್ ಚಾರ್ಜ್, ಅದರ ಮೇಲೆ ಶೇ. 9 ಜಿಎಸ್‌ಟಿ. ಹತ್ತು ಡಾಲರ್ ಅಂತ ಇದ್ದದ್ದು ಬಿಲ್‌ನಲ್ಲಿ 11.99 ಆಗಿರುತ್ತದೆ. ಟಿಪ್ಸ್ ಕೊಡಬೇಕಾಗಿಲ್ಲ. ಹಾಕರ್ ಸೆಂಟರ್‌ನಲ್ಲಿ, ಅಂದರೆ ಸಾಲಾಗಿ ತಿಂಡಿ ಅಂಗಡಿಗಳಿರೋ ಸಾರ್ವಜನಿಕ ಊಟದ ಅಂಗಳದಲ್ಲಿ, ಈ ಎರಡೂ ಚಾರ್ಜು ಹಾಕುವ ಗೋಳು ಸಾಮಾನ್ಯವಾಗಿ ಇಲ್ಲ. ಆದರೆ ತಿಂದ ತಟ್ಟೆ ನೀವೇ ಎತ್ತಿಟ್ಟು ಬರಬೇಕು. 2021ರಿಂದ ಅದು ಕಾನೂನು. ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಬಿದ್ದಿದ್ದರೆ ಯಾರೋ ಮರೆತುಹೋಗಿದ್ದಾರೆ ಅಂದುಕೊಳ್ಳಬೇಡಿ, ಅದು ನಮ್ಮ ಬಸ್ಸಿನ ಕಿಟಕಿಯಿಂದ ಸೀಟಿಗೆ ಹಾಕುವ ಟವೆಲ್ ಇದ್ದ ಹಾಗೆ.

ಮನೆ ವಿಷಯ. ಹೋಟೆಲ್ ನಂಬಿ ಮನೆ ಹಿಡಿಯಬೇಡಿ. ನಿಮ್ಮ ಮನೆ ಕರಾರು ಎರಡು ವರ್ಷದ್ದು, ಹೋಟೆಲಿನದು ಅಷ್ಟು ಉಳಿದಿದೆಯೋ ಇಲ್ಲವೋ ಯಾರಿಗೆ ಗೊತ್ತು. ಆಫೀಸಿಗೆ ಹತ್ತಿರ, ಮೆಟ್ರೋಗೆ ನಡೆದು ಹೋಗುವಷ್ಟು ದೂರದಲ್ಲಿ ನೋಡಿ. ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಮೇಲೆ ಸಿಕ್ಕರೆ ಒಳ್ಳೆಯದು. ಲಿಟಲ್ ಇಂಡಿಯಾ, ಫೆರರ್ ಪಾರ್ಕ್ ಎರಡೂ ಅದರ ಮೇಲೇ ಇವೆ. ಫೆರರ್ ಪಾರ್ಕ್‌ನಲ್ಲಿ ಇಳಿದರೆ ದೇವಸ್ಥಾನ, ಎಂಟಿಆರ್, ಮುಸ್ತಫಾ ಅಂಗಡಿ ಎಲ್ಲಾ ನಡಿಗೆ ದೂರ. ಭಾನುವಾರ ಸಂಜೆ ಮಾತ್ರ ಅತ್ತ ಹೋಗಬೇಡಿ, ರಜೆ ಸಿಕ್ಕ ಕಾರ್ಮಿಕರೆಲ್ಲ ಅಲ್ಲೇ ಸೇರುತ್ತಾರೆ, ಹಿರಿಯರಿಗೆ ಆ ಜನಜಂಗುಳಿ ಕಷ್ಟ. ವಾರದ ದಿನ ಬೆಳಗ್ಗೆ ಲಿಟಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಬಾಳೆಹೂವು, ಕರಿಬೇವು, ತುರಿದ ಕಾಯಿ ನೋಡಿದರೆ ಅಮ್ಮನಿಗೆ ಅರ್ಧ ಊರಿಗೆ ಬಂದ ಹಾಗಾಗುತ್ತದೆ.

ಸಾಮಾನು ಕಟ್ಟುವಾಗ ಬ್ಯಾಡಗಿ ಮೆಣಸಿನಕಾಯಿ, ಮನೆಯ ಸಾರಿನ ಪುಡಿ ಇರಲಿ. ಒಂದು ಮಾತ್ರ ಅಮ್ಮನಿಗೆ ಎರಡೆರಡು ಸಲ ಹೇಳಿ: ಗಸಗಸೆ ಬೇಡ. ಇಲ್ಲಿ ಅದು ಮಾದಕ ವಸ್ತುಗಳ ಇಲಾಖೆ ನಿಷೇಧಿಸಿದ ಪದಾರ್ಥ. ಸಾಸಿವೆ ಡಬ್ಬಿ ಪಕ್ಕ ಒಂದು ಚಿಕ್ಕ ಪೊಟ್ಟಣ ತಾನೇ ಅಂತ ಸೀರೆ ನಡುವೆ ಇಟ್ಟುಬಿಡುತ್ತಾರೆ. ಗಸಗಸೆ ಪಾಯಸ ಊರಲ್ಲೇ ಹೊಟ್ಟೆ ತುಂಬಾ ಕುಡಿದು ವಿಮಾನ ಹತ್ತಿ. ಬಂದ ಮೇಲೆ ಒಂದು ಮೆಸೇಜ್ ಹಾಕಿ, ಆ ವಾರ ಯಾವುದು ತೆರೆದಿದೆ ನೋಡಿ ಹೇಳುತ್ತೀನಿ.